ಸಾಕವ್ವನ ಬದಲು ಕಾವೇರಿ

ನಮ್ಮ ಅವ್ವ ಲಗ್ನಪತ್ರಿಕೆಗಳನ್ನು ಎಸೆಯುತ್ತಿರಲಿಲ್ಲ. ಮದುವೆ ಮುಗಿದು, ಆ ಮದುವೆಯ ಮಕ್ಕಳ ಮದುವೆಯೂ ಮುಗಿದರೂ ಪತ್ರಿಕೆ ಮಾತ್ರ ತಗಡಿನ ಟ್ರಂಕಿನಲ್ಲಿ ಇರಲೇಬೇಕು. ಅವಳು ತೀರಿಕೊಂಡ ಮೇಲೆ ರಾಣೆಬೆನ್ನೂರಿನ ಮನೆ ಖಾಲಿ ಮಾಡಿದೆವು. ಅಕ್ಕಂದಿರು ಸೀರೆ, ತಾಮ್ರದ ಹಂಡೆ ಹಂಚಿಕೊಂಡರು, ನಾನು ಟ್ರಂಕು ಹೊತ್ತುಕೊಂಡು ಪುಣೆಗೆ ಬಂದೆ. ಹಳದಿ ಕುಂಕುಮ ಮೆತ್ತಿದ ಆ ಕಾಗದಗಳನ್ನು ಒಂದು ಭಾನುವಾರ ವರ್ಷವಾರು ಜೋಡಿಸುತ್ತ ಕೂತಾಗ, ಇವು ಬರೀ ಪತ್ರಿಕೆಗಳಲ್ಲ, ಒಂದು ದಸ್ತಾವೇಜು ಅನ್ನಿಸತೊಡಗಿತು.

ಒಂದೇ ಪತ್ರಿಕೆಯಲ್ಲಿ ಮೂರು ತಲೆಮಾರು ಇರುತ್ತವೆ. ಮೇಲೆ ಆಶೀರ್ವಾದ ಮಾಡುವ ಹಿರಿಯರು: ಚನ್ನಬಸಪ್ಪ, ನೀಲವ್ವ, ಫಕ್ಕೀರಪ್ಪ, ಹೊಳೆಯವ್ವ. ನಡುವೆ ವಧೂವರರು ಮತ್ತು ಅವರ ಅಣ್ಣತಮ್ಮಂದಿರು: ಸುಭಾಸ, ಪ್ರಕಾಶ, ಭಾರತಿ, ವಿಜಯಲಕ್ಷ್ಮಿ. ಕೆಳಗೆ ಅತ್ಯಂತ ಸಣ್ಣ ಅಕ್ಷರದಲ್ಲಿ, 'ನಮ್ಮ ಮಾಮಾನ ಮದುವಿಗೆ ತಪ್ಪದೇ ಬರ್ರಿ' ಎಂದು ಕರೆಯುವ ಚಿಳ್ಳೆಪಿಳ್ಳೆಗಳು: ಪುನೀತ, ಚಂದನಾ, ರಾಹುಲ, ಸೃಷ್ಟಿ. ಮೇಲಿನ ಸಾಲಿನ ಹೆಸರುಗಳನ್ನು ಓದಿದರೆ ಊರು, ಮನೆದೇವರು, ಮಠ, ಹೆಚ್ಚೂಕಡಿಮೆ ಜಾತಿ ಎಲ್ಲವೂ ತಿಳಿಯುತ್ತದೆ. ಕೆಳಗಿನ ಸಾಲು ಓದಿದರೆ ಏನೂ ತಿಳಿಯುವುದಿಲ್ಲ. ಆ ಮಗು ರಾಣೆಬೆನ್ನೂರಿನದೋ ರಾಂಚಿಯದೋ ಎಂಬುದೂ ತಿಳಿಯುವುದಿಲ್ಲ. ಮೇಲಿನಿಂದ ಕೆಳಗೆ ಬರುವಷ್ಟರಲ್ಲಿ ಏನಾಯಿತು ಎಂಬುದೇ ಈ ಬರಹ.

ಅಮೆರಿಕದಲ್ಲಿ 1880ರಿಂದ ಈಚೆಗೆ ಯಾವ ವರ್ಷ ಎಷ್ಟು ಮಕ್ಕಳಿಗೆ ಯಾವ ಹೆಸರಿಟ್ಟರು ಎಂಬ ಲೆಕ್ಕವನ್ನು ಸರ್ಕಾರವೇ ಪ್ರಕಟಿಸುತ್ತದೆ. ನಮ್ಮಲ್ಲಿ ಅಂಥದ್ದಿಲ್ಲ. ನಮ್ಮ ಕಾನೂನು, ಅಂದರೆ 1969ರ ಜನನ ಮರಣ ನೋಂದಣಿ ಕಾಯ್ದೆ, ಮಗುವನ್ನು ಹೆಸರಿಲ್ಲದೆಯೂ ನೋಂದಾಯಿಸಲು ಬಿಡುತ್ತದೆ. ಹೆಸರು ಆಮೇಲೆ ಸೇರಿಸಬಹುದು, ಹದಿನೈದು ವರ್ಷದವರೆಗೂ. ಹೀಗಾಗಿ ನನ್ನಂಥವರಿಗೆ ಇರುವುದು ಶಾಲೆಯ ದಾಖಲಾತಿ ಪುಸ್ತಕ, ಮತದಾರರ ಪಟ್ಟಿ, ಲಗ್ನಪತ್ರಿಕೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳಾದ್ದರಿಂದ ಇನ್ನೊಂದು ಆಕರವೂ ಇದೆ: ಖಾತೆ ತೆರೆಯುವ ಅರ್ಜಿ. ಮೂವತ್ತು ವರ್ಷ ಹೆಸರು ಮತ್ತು ಹುಟ್ಟಿದ ತಾರೀಕು ಒಟ್ಟಿಗೆ ಓದಿ ಓದಿ, ಈಗ ಒಂದನ್ನು ಕೇಳಿದರೆ ಇನ್ನೊಂದನ್ನು ಊಹಿಸುವ ಚಟ ಹತ್ತಿದೆ.

ಸಿನಿಮಾಕ್ಕಿಂತ ಮೊದಲೂ ಹೆಸರುಗಳು ಹೊರಗಿನಿಂದ ಬಂದಿದ್ದವು. ನಮ್ಮ ಕಡೆ ಸುಭಾಸಚಂದ್ರರು, ಜವಾಹರರು, ಸರೋಜಿನಿಯರು ಸ್ವಾತಂತ್ರ್ಯ ಹೋರಾಟದ ಫಸಲು. ಇಂದಿರೆಯರು ಆಮೇಲಿನವರು. ಸಾಹಿತ್ಯದ ದಾರಿಯೂ ಒಂದಿತ್ತು. ಕುಪ್ಪಳಿಯ ಪುಟ್ಟಪ್ಪನವರನ್ನೇ ನೋಡಿ. ಅಪ್ಪ ವೆಂಕಟಪ್ಪ, ತಾವು ಪುಟ್ಟಪ್ಪ. ಆದರೆ ಮಕ್ಕಳು ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಒಂದೇ ತಲೆಮಾರಿನಲ್ಲಿ ಎಷ್ಟು ದೂರ! ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಅಂಗಸಾಧನೆ ಕಲಿಸುತ್ತಿದ್ದವರು, ಅವರು ಬರೆದ 'ಶಾಂತಲಾ' ಕಾದಂಬರಿ ಓದಿದವರು ಹೆಣ್ಣುಮಕ್ಕಳಿಗೆ ಆ ಹೊಯ್ಸಳ ರಾಣಿಯ ಹೆಸರಿಟ್ಟರು. ಇವತ್ತಿಗೂ ಪುಣೆಯಲ್ಲಿ ಯಾರಾದರೂ ಶಾಂತಲಾ ಅಂತ ಹೇಳಿಕೊಂಡರೆ ನಾನು ಕನ್ನಡದಲ್ಲೇ ಮಾತು ಶುರುಮಾಡುತ್ತೇನೆ. ಈವರೆಗೆ ತಪ್ಪಿಲ್ಲ.

ಆದರೆ ಕಾದಂಬರಿ ಓದುವ ಮನೆಗಳು ಎಷ್ಟಿದ್ದವು? ಹೊಳೆಯವ್ವನ ಮನೆಯೊಳಗೆ ಹೊಸ ಹೆಸರು ನುಗ್ಗಿದ್ದು ಟೆಂಟ್ ಟಾಕೀಸಿನಿಂದ.

ಇದರಲ್ಲಿ ನನಗೆ ಯಾವಾಗಲೂ ತಮಾಷೆ ಅನ್ನಿಸುವ ಸಂಗತಿಯೆಂದರೆ, ನಾವು ಯಾರ ಹೆಸರನ್ನು ಮಕ್ಕಳಿಗೆ ಇಟ್ಟೆವೋ ಅದು ಅವರ ಹೆಸರೇ ಅಲ್ಲ. ಮುತ್ತತ್ತಿಯ ಆಂಜನೇಯನ ಹೆಸರು ಹೊತ್ತ ಮುತ್ತುರಾಜನನ್ನು 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರ್ ಮಾಡಿದವರು ನಿರ್ದೇಶಕ ಎಚ್.ಎಲ್.ಎನ್. ಸಿಂಹ. ಕಮಲಾಕುಮಾರಿ ಜಯಂತಿಯಾದರು, ಶರತ್‌ಲತಾ ಕಲ್ಪನಾ ಆದರು, ಅಮರನಾಥ್ ಅಂಬರೀಷ್ ಆದರು. 1972ರಲ್ಲಿ 'ನಾಗರಹಾವು' ಮಾಡುವಾಗ ಪುಟ್ಟಣ್ಣ ಕಣಗಾಲ್ ಸಂಪತ್‌ಕುಮಾರ್ ಎಂಬ ಹುಡುಗನಿಗೆ ವಿಷ್ಣುವರ್ಧನ್ ಎಂದು ಹೆಸರಿಟ್ಟರು. ಆ ಹೆಸರಿನ ಮೂಲ ಒಡೆಯ ಹೊಯ್ಸಳ ದೊರೆ. ಅವನೂ ಮೊದಲು ಬಿಟ್ಟಿದೇವ, ವಿಷ್ಣುವರ್ಧನನಾದದ್ದು ಆಮೇಲೆ. ಅಂದರೆ 1973ರಲ್ಲಿ ದಾವಣಗೆರೆಯಲ್ಲೋ ಗದಗಿನಲ್ಲೋ ತೊಟ್ಟಿಲಲ್ಲಿ ಮಲಗಿದ್ದ ವಿಷ್ಣುವರ್ಧನನಿಗೆ ಸಿಕ್ಕಿದ್ದು ಎರಡೆರಡು ಸಲ ಬದಲಿ ಮಾಡಿ ತೊಟ್ಟ ಅಂಗಿ. ಇನ್ನೊಂದು ಗಮನಿಸಿ: ಆ ಸಿನಿಮಾ ನೋಡಿ ಹುಚ್ಚೆದ್ದ ಜನ ನಾಯಕನ ಪಾತ್ರದ ಹೆಸರಾದ ರಾಮಾಚಾರಿಯನ್ನು ಮಕ್ಕಳಿಗೆ ಇಟ್ಟದ್ದು ನಾನು ಕಂಡಿಲ್ಲ. ರಾಮಾಚಾರಿ ಎಂದರೆ ಜಾತಿ ಕಾಣುತ್ತದೆ. ವಿಷ್ಣುವರ್ಧನ ಎಂದರೆ ಬರೀ ರಾಜಗಾಂಭೀರ್ಯ, ಯಾರು ಬೇಕಾದರೂ ಇಟ್ಟುಕೊಳ್ಳಬಹುದು.

ಈ 'ಯಾರು ಬೇಕಾದರೂ' ಎಂಬುದು ಸಣ್ಣ ಮಾತಲ್ಲ. ಹೆಸರು ಎಲ್ಲರ ಸ್ವತ್ತಾಗಿರಲಿಲ್ಲ. ಕೇರಿಯ ಮಗುವಿಗೆ ಕರಿಯ, ಮಾರ, ಕೆಂಪಿ ಎಂಬ ಒಂದೂವರೆ ಅಕ್ಷರ ಸಾಕು ಎಂದು ಊರು ತೀರ್ಮಾನಿಸಿದ್ದ ಕಾಲವಿತ್ತು. ಅದೇ ಹೆಸರು ಮೇಲಿನ ಓಣಿಯಲ್ಲಿ ಅಪ್ಪ, ಗೌಡ ಅಂಟಿಸಿಕೊಂಡು ಉದ್ದವಾಗುತ್ತಿತ್ತು. ಪರದೆಯ ಮೇಲಿನ ಹೆಸರಿಗೆ ಮಾತ್ರ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಟಿಕೆಟ್ ತೆಗೆದುಕೊಂಡು ಹೋಗಿ ನೋಡಿ ತಂದುಕೊಳ್ಳುವುದು. ನಮ್ಮ ಸಾಹಿತ್ಯದವರು 'ಸಿನಿಮಾ ಹೆಸರು' ಎಂದು ಮೂಗು ಮುರಿಯುವಾಗ ಇದನ್ನು ಮರೆಯುತ್ತಾರೆ. ಹಳೆಯ ಹೆಸರುಗಳು ಹೋದುವಲ್ಲ ಎಂಬ ಹಳಹಳಿ ನನಗೂ ಇದೆ. ಆದರೆ ಆ ಹಳೆಯ ಹೆಸರುಗಳಲ್ಲಿ ಯಾವುದನ್ನು ಯಾರು ಯಾರ ಮೇಲೆ ಹೇರಿದ್ದರು ಎಂದು ಕೇಳದೆ ಹಳಹಳಿಸುವುದು ಸರಿಯಲ್ಲ.

ನನ್ನದೇ ಹೆಸರಿನ ಕಥೆ ಹೇಳದೆ ಇದು ಮುಂದೆ ಹೋಗುವುದಿಲ್ಲ. ನಾನು ಹುಟ್ಟಿದ್ದು 1972ರಲ್ಲಿ, ಮೂರನೆಯ ಹೆಣ್ಣು. ನಮ್ಮ ಕಡೆ ಮೇಲಿಂದ ಮೇಲೆ ಹೆಣ್ಣು ಹುಟ್ಟಿದರೆ ಇಡುವ ಹೆಸರೊಂದಿದೆ: ಸಾಕವ್ವ. ಸಾಕು ಎಂಬ ಸಾಕು. ದೇವರೇ, ಇನ್ನು ಹೆಣ್ಣು ಕಳಿಸಬೇಡ ಎಂದು ಕೊಟ್ಟ ಅರ್ಜಿಯನ್ನು ಆ ಮಗು ಜೀವನಪೂರ್ತಿ ಹೊತ್ತು ತಿರುಗಬೇಕು. ಅವ್ವನ ತಂಗಿಯ ಹೆಸರೇ ಸಾಕವ್ವ. ಅಜ್ಜಿ, ಅಂದರೆ ಅಪ್ಪನ ತಾಯಿ, ನನಗೂ ಅದನ್ನೇ ಇಡುವುದೆಂದು ನಿಶ್ಚಯಿಸಿದ್ದಳು. ಕೆಟ್ಟ ಮನಸ್ಸಿನಿಂದಲ್ಲ, ಪದ್ಧತಿ ಎಂದು.

ಅವ್ವ ಬಸುರಿಯಿದ್ದಾಗ ಊರಿಗೆ 'ಶರಪಂಜರ' ಬಂದಿತ್ತು. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣನವರ ಸಿನಿಮಾ, 1971ರದು. ಬಾಣಂತಿತನದಲ್ಲಿ ಮನಸ್ಸು ಕದಡಿ ಆಸ್ಪತ್ರೆ ಸೇರಿ, ವಾಸಿಯಾಗಿ ಮನೆಗೆ ಬಂದ ಹೆಂಗಸನ್ನು ಗಂಡ, ನೆರೆಹೊರೆ ಎಲ್ಲ ಸೇರಿ ಅನುಮಾನದಿಂದಲೇ ನೋಡಿ ನೋಡಿ ಮತ್ತೆ ಅದೇ ಆಸ್ಪತ್ರೆಗೆ ಕಳಿಸುವ ಕಥೆ. ಆ ಹೆಂಗಸಿನ ಹೆಸರು ಕಾವೇರಿ, ಪಾತ್ರ ಮಾಡಿದವರು ಕಲ್ಪನಾ. ಅವ್ವ ಅದನ್ನು ಮೂರು ಸಲ ನೋಡಿದಳಂತೆ. ಬರೆದ ತ್ರಿವೇಣಿಯವರು ತಾವೇ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡವರು ಎಂಬುದು ಅವ್ವನಿಗೆ ಆಗ ಗೊತ್ತಿತ್ತೋ ಇಲ್ಲವೋ, ಕೇಳಬೇಕಾಗಿತ್ತು, ಕೇಳಲಿಲ್ಲ.

ಹೆಸರಿನ ಮಾತು ಬಂದಾಗ ಅವ್ವ "ಕಾವೇರಿ" ಅಂದಳು. ಅಜ್ಜಿ ಹೌಹಾರಿದಳು. ಅವಳು ಸಿನಿಮಾ ನೋಡಿರಲಿಲ್ಲ, ಆದರೆ ಓಣಿಯ ಹೆಂಗಸರ ಬಾಯಿಂದ ಕಥೆ ಪೂರ್ತಿ ಗೊತ್ತಿತ್ತು.

"ಆ ಹುಚ್ಚಿ ಹೆಸರ ಇಡತೀ ಏನ ಕೂಸಿಗೆ? ನಿನಗೇನ ತಲಿ ಕೆಟ್ಟೈತೇನ?"

"ಆಕಿ ಹುಚ್ಚಿ ಅಲ್ರೀ ಅತ್ತಿ. ಆಕೀನ ಹುಚ್ಚಿ ಮಾಡಿದ್ರು."

ಅತ್ತೆಗೆ ಎದುರು ಮಾತಾಡದ ಅವ್ವ ಆಡಿದ ಒಂದೇ ಮಾತು ಅದು ಎಂದು ಅಕ್ಕ ಹೇಳುತ್ತಿರುತ್ತಾಳೆ. ಕೊನೆಗೆ ದಾರಿ ತೋರಿಸಿದವಳು ಸೋದರತ್ತೆ. ತೊಟ್ಟಿಲಿಗೆ ಹಾಕುವ ದಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವ ಹಕ್ಕು ಅವಳದು. ಅವಳು ಅಜ್ಜಿಗೆ, "ಹೊಳಿ ಹೆಸರ ಬಿಡ ಯವ್ವಾ, ನಮ್ಮ ಹೊಳೆಯವ್ವ ಇದ್ದಾಂಗ" ಅಂದಳಂತೆ. ಅಜ್ಜಿ ಒಪ್ಪಿದಳು. ಹೀಗೆ ತುಂಗಭದ್ರೆಯ ನೀರು ಕುಡಿದು ಬೆಳೆದ ನಾನು ಕಾವೇರಿಯಾದೆ.

ಈ ಹೆಸರಿನ ಬೆಲೆ ತೆತ್ತದ್ದು ಚೆನ್ನೈಯಲ್ಲಿ. 2012ರಿಂದ ಐದು ವರ್ಷ ಅಲ್ಲಿ ಇದ್ದೆ. ಕರ್ನಾಟಕದಿಂದ ವರ್ಗವಾಗಿ ಬಂದ ಹೊಸ ಮ್ಯಾನೇಜರ್, ಹೆಸರು ಕಾವೇರಿ ಎಂದು ಗೊತ್ತಾದ ದಿನ ಹಿರಿಯ ಗ್ರಾಹಕರೊಬ್ಬರು ಎದ್ದು ನಿಂತು ಕೈಮುಗಿದು, "ಕೊನೆಗೂ ಕರ್ನಾಟಕ ಕಾವೇರಿಯನ್ನು ಬಿಟ್ಟಿತು!" ಅಂದರು. ಇಡೀ ಶಾಖೆ ನಕ್ಕಿತು, ನಾನೂ ನಕ್ಕೆ. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳು ಸುಟ್ಟಾಗ ಮಾತ್ರ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಒಂದು ವಾರ ತೆಗೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಯಾರೂ ಏನೂ ಅನ್ನಲಿಲ್ಲ. ಆದರೂ.

ಚೆನ್ನೈ ನನಗೆ ಹೆಸರುಗಳ ಬಗ್ಗೆ ಕಲಿಸಿದ್ದು ಬಹಳ. ಅಲ್ಲಿನ ರಾಜಕೀಯವೇ ಹೆಸರು ಬದಲಿಸಿ ಶುರುವಾದದ್ದು. ನಾರಾಯಣಸ್ವಾಮಿ ನೆಡುಂಚೆಳಿಯನ್ ಆದರು, ರಾಮಯ್ಯ ಅನ್ಬಳಗನ್ ಆದರು. 1953ರ ಮಾರ್ಚ್ 1ರಂದು ಕರುಣಾನಿಧಿಯವರಿಗೆ ಮಗ ಹುಟ್ಟಿದ, ನಾಲ್ಕೇ ದಿನಕ್ಕೆ ರಷ್ಯಾದಲ್ಲಿ ಸ್ಟಾಲಿನ್ ಸತ್ತ, ಮಗುವಿಗೆ ಅದೇ ಹೆಸರು. ಇನ್ನು ನಮ್ಮ ಬೆಂಗಳೂರಿನ ಬಸ್ ಕಂಡಕ್ಟರ್ ಶಿವಾಜಿರಾವ್ ಗಾಯಕವಾಡ್. ಹೆತ್ತವರು ಇಟ್ಟದ್ದು ಮರಾಠಾ ಛತ್ರಪತಿಯ ಹೆಸರು. ಮದ್ರಾಸಿಗೆ ಹೋದರೆ ಅಲ್ಲಿ ಆಗಲೇ ಒಬ್ಬ ಶಿವಾಜಿ ಗಣೇಶನ್; ಅವರೂ ಶಿವಾಜಿಯ ಪಾತ್ರ ಮಾಡಿ ಪೆರಿಯಾರರಿಂದ ಆ ಹೆಸರು ಪಡೆದವರು. ಹಾಗಾಗಿ ಬಾಲಚಂದರ್ ತಮ್ಮದೇ ಹಳೆಯ 'ಮೇಜರ್ ಚಂದ್ರಕಾಂತ್' ಸಿನಿಮಾದ ಒಂದು ಪಾತ್ರದ ಹೆಸರನ್ನು ತೆಗೆದು ಈ ಹುಡುಗನಿಗೆ ಕೊಟ್ಟರು: ರಜನಿಕಾಂತ್. ಕನ್ನಡ ಚಿತ್ರರಂಗವೂ ಆಗ ಬಹುಮಟ್ಟಿಗೆ ಮದ್ರಾಸಿನಲ್ಲೇ ಬದುಕುತ್ತಿತ್ತು. ರಾಜಕುಮಾರರ ಕೊನೆಯ ಮಗ 1975ರ ಮಾರ್ಚ್ 17ರಂದು ಹುಟ್ಟಿದ್ದೂ ಅಲ್ಲೇ. ಇಟ್ಟ ಹೆಸರು ಲೋಹಿತ್. ಬಾಲನಟನಾಗಿ ಆಡಿ ಬೆಳೆದ ಮಾಸ್ಟರ್ ಲೋಹಿತ್ ಆಮೇಲೆ ಪುನೀತ್ ಆದ. ಅವ್ವನ ಟ್ರಂಕಿನಲ್ಲಿ ಎರಡೂ ಹೆಸರುಗಳಿವೆ; ಲೋಹಿತರು ವಯಸ್ಸಿನಲ್ಲಿ ದೊಡ್ಡವರು, ಪುನೀತರು ಚಿಕ್ಕವರು. 2021ರ ಅಕ್ಟೋಬರ್ 29ರ ನಂತರ ನಮ್ಮ ಬಳಗದಲ್ಲೇ ಎರಡು ಕೂಸುಗಳು ಪುನೀತರಾದವು. ಮೊದಲು ಅಜ್ಜ ಸತ್ತ ವರ್ಷ ಹುಟ್ಟಿದ ಗಂಡುಮಗುವಿಗೆ ಅಜ್ಜನ ಹೆಸರಿಡುತ್ತಿದ್ದರು. ಎಂದೂ ಭೇಟಿಯಾಗದ ಒಬ್ಬ ನಟ ಆ ಜಾಗಕ್ಕೆ ಬಂದಾಗ, ಇಡೀ ನಾಡು ಅವನನ್ನು ಮನೆಯ ಸಾವಿನಂತೆಯೇ ಎಣಿಸಿತ್ತು ಎಂದು ಬೇರೆ ಸಾಕ್ಷಿ ಬೇಡ.

ಹೆಸರಿಡಲು ಒಲ್ಲದ್ದೂ ಇತಿಹಾಸವೇ. ಹಿಂದಿಯ ಖಳನಟ ಪ್ರಾಣ್ ಉತ್ತುಂಗದಲ್ಲಿದ್ದ ಕಾಲಕ್ಕೆ ಯಾರೂ ಗಂಡುಮಕ್ಕಳಿಗೆ ಆ ಹೆಸರು ಇಡುತ್ತಿರಲಿಲ್ಲ ಎಂಬ ಮಾತು ಮುಂಬೈಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಪ್ರಾಣ ಎಂಬಷ್ಟು ಮುದ್ದಿನ ಶಬ್ದ! ನಮ್ಮಲ್ಲೂ ವಜ್ರಮುನಿ ಎಂಬ ಕೂಸನ್ನು ನಾನು ಒಂದೂ ಕಂಡಿಲ್ಲ.

ಕ್ರಿಕೆಟ್ಟಿನ ಕಡೆ ಬಂದರೆ ಹೆಸರುಗಳ ಪ್ರಯಾಣ ಇನ್ನೂ ವಿಚಿತ್ರ. ಪುಣೆಗೆ ಬಂದ ಮೇಲೆ ನನ್ನ ಮೇಜಿನ ಮೇಲೆ ಸಾಲುಗಟ್ಟಿ ಬಂದ ಸಚಿನ್‌ಗಳನ್ನೆಲ್ಲ ತೆಂಡೂಲ್ಕರನ ಲೆಕ್ಕಕ್ಕೆ ಬರೆಯುತ್ತಿದ್ದೆ. ಆಮೇಲೆ ಹುಟ್ಟಿದ ತಾರೀಕು ನೋಡಿದರೆ 1980, 1982. ತೆಂಡೂಲ್ಕರ್ ಮೊದಲ ಟೆಸ್ಟ್ ಆಡಿದ್ದೇ 1989ರ ನವೆಂಬರಿನಲ್ಲಿ. ಆ ತೆಂಡೂಲ್ಕರನಿಗಾದರೂ ಹೆಸರು ಬಂದದ್ದು ಸಂಗೀತ ನಿರ್ದೇಶಕ ಸಚಿನ್ ದೇವ್ ಬರ್ಮನ್‌ರಿಂದ. ಮರಾಠಿ ಲೇಖಕರಾದ ಅಪ್ಪ ರಮೇಶ ತೆಂಡೂಲ್ಕರ್ ಬರ್ಮನ್‌ರ ಅಭಿಮಾನಿ. ಹೆಸರಿನ ಕಾರಣ ಹೇಳುವ ಮೊದಲು ತಾರೀಕು ನೋಡು ಎಂಬ ಪಾಠ ನನಗೆ ಅಲ್ಲಿ ಆಯಿತು. ನನ್ನ ಚಿಕ್ಕಪ್ಪನ ಮಗ ರಾಜೀವ 1973ರಲ್ಲಿ ಹುಟ್ಟಿದವನು, 'ಬಂಗಾರದ ಮನುಷ್ಯ'ದ ರಾಜೀವ. 1984ರ ನಂತರ ಅವನನ್ನು ಎಲ್ಲರೂ ರಾಜೀವ್ ಗಾಂಧಿ ಮಾಡಿಬಿಟ್ಟರು. ಅವನು ಹೇಳಿ ಹೇಳಿ ಸೋತು ಸುಮ್ಮನಾದ.

ಗಾವಸ್ಕರ್ 1976ರಲ್ಲಿ ಹುಟ್ಟಿದ ಮಗನಿಗೆ ಇಟ್ಟ ಪೂರ್ತಿ ಹೆಸರು ರೋಹನ್ ಜೈವಿಶ್ವ. ಮೂರು ಆಟಗಾರರು ಅದರೊಳಗಿದ್ದಾರೆ: ವೆಸ್ಟ್ ಇಂಡೀಸಿನ ರೋಹನ್ ಕನ್ಹಾಯಿ, ಹೈದರಾಬಾದಿನ ಜಯಸಿಂಹ, ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಕನ್ಹಾಯಿ ಬ್ರಿಟಿಷ್ ಗಯಾನಾದವರು. ಅವರ ಹಿರಿಯರು ಕಬ್ಬಿನ ತೋಟಕ್ಕೆ ಕೂಲಿಗೆಂದು ಭಾರತದಿಂದ ಹಡಗು ಹತ್ತಿದವರು. 1958ರ ಕೊನೆಯ ದಿನ ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಶುರುವಾದ ಟೆಸ್ಟಿನಲ್ಲಿ ಅವರು 256 ಹೊಡೆದರು. ಕೂಲಿಯವರ ಜೊತೆ ಸಮುದ್ರ ದಾಟಿ ಹೋದ ಒಂದು ಹೆಸರು, ಬ್ಯಾಟು ಹಿಡಿದು ಮರಳಿ ಬಂದು ಮುಂಬೈಯ ಮಧ್ಯಮವರ್ಗದ ತೊಟ್ಟಿಲು ಏರಿತು. ಊರು ಬಿಟ್ಟ ನಮ್ಮಂಥವರಿಗೆ ಇದು ಸ್ವಲ್ಪ ಹೆಚ್ಚೇ ಹಿಡಿಸುವ ಕಥೆ, ಇರಲಿ.

ಅದು ಅಲ್ಲಿಗೂ ನಿಲ್ಲಲಿಲ್ಲ. ಸುರತ್ಕಲ್ಲಿನಲ್ಲಿ ಪ್ರಾಧ್ಯಾಪಕರಾಗಿದ್ದ ಗಾವಸ್ಕರ್ ಅಭಿಮಾನಿಯೊಬ್ಬರು ತಮ್ಮ ಮಗನಿಗೂ ಗಾವಸ್ಕರ್ ಮಗನ ಹೆಸರನ್ನೇ ಇಡಬೇಕೆಂದುಕೊಂಡರು. ಆದರೆ ಹೆಸರು ತಪ್ಪು ನೆನಪಾಯಿತು. ರೋಹನ್ ಎನ್ನುವಲ್ಲಿ ರಾಹುಲ್ ಎಂದಾಯಿತು. ಆ ಮಗುವೇ ಕೆ.ಎಲ್. ರಾಹುಲ್. ಅವರೇ ನಗುತ್ತ ಹೇಳಿಕೊಂಡಂತೆ, ತಾಯಿ ಮೊದಲು ಹೇಳುತ್ತಿದ್ದ ಕಥೆ ಬೇರೆ: ಶಾರುಖ್ ಖಾನ್ ಸಿನಿಮಾಗಳಲ್ಲಿ ರಾಹುಲ್ ಆಗಿರುತ್ತಿದ್ದ, ಅದಕ್ಕೇ ಆ ಹೆಸರು ಎಂದು. ತಾರೀಕು ನೋಡಿದರೆ ಮಗ ಹುಟ್ಟಿದ್ದು 1992ರ ಏಪ್ರಿಲಿನಲ್ಲಿ, ಶಾರುಖನ ಮೊದಲ ಸಿನಿಮಾ 'ದೀವಾನಾ' ಬಂದದ್ದು ಅದೇ ವರ್ಷ ಜೂನಿನಲ್ಲಿ. ತಾಯಿ ಸುಳ್ಳು ಹೇಳಲಿಲ್ಲ ಎಂದೇ ನನ್ನ ನಂಬಿಕೆ. ಹೆಸರಿಟ್ಟ ಕಾರಣವನ್ನು ನಾವು ಆಮೇಲೆ ನಮಗೆ ಪ್ರಿಯವಾದದ್ದಕ್ಕೆ ಕಟ್ಟಿಕೊಳ್ಳುತ್ತೇವೆ.

ಆ ರಾಹುಲ್ ಎಂಬ ಒಂದು ಹೆಸರಿನಲ್ಲೇ ಎಷ್ಟು ಪದರ! ಬುದ್ಧನ ಮಗ ರಾಹುಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರ ಜೊತೆ ಬೌದ್ಧರಾದವರ ಮನೆಗಳಲ್ಲಿ ರಾಹುಲ, ಸಿದ್ಧಾರ್ಥ, ಗೌತಮ, ಯಶೋಧರಾ ಬಂದದ್ದು ಹಳೆಯ ಅವಮಾನದ ಹೆಸರುಗಳನ್ನು ಕಿತ್ತೊಗೆದು. ಪಕ್ಕದ ಅಪಾರ್ಟ್‌ಮೆಂಟಿನ ಇನ್ನೊಬ್ಬ ರಾಹುಲನಿಗೆ ಅದೇ ಹೆಸರು ಬಂದದ್ದು 'ಕುಛ್ ಕುಛ್ ಹೋತಾ ಹೈ' ನೋಡಿದ ಅಪ್ಪನಿಂದ. ಅರ್ಜಿಯ ಮೇಲೆ ಇಬ್ಬರೂ ಒಂದೇ.

ಈಚಿನ ಹತ್ತಿಪ್ಪತ್ತು ವರ್ಷದ್ದು ನನಗೆ ಅಷ್ಟು ರುಚಿಸುವುದಿಲ್ಲ, ಬೇಗ ಹೇಳಿ ಮುಗಿಸುತ್ತೇನೆ. 'ಮುಂಗಾರು ಮಳೆ'ಯ ನಂತರ ಬಂದ ಪ್ರೀತಮ್‌ಗಳು ಈಗ ಹೈಸ್ಕೂಲು ದಾಟಿದ್ದಾರೆ. ಈಗಿನ ರೂಢಿ ತಾರೆಯ ಹೆಸರಲ್ಲ, ತಾರೆಯ ಮಗುವಿನ ಹೆಸರು: ಆರವ್, ಐರಾ, ಯಥರ್ವ್. ಗಾವಸ್ಕರ್ ಮಗನಿಂದ ಶುರುವಾದ ದಾರಿಯೇ ಅದು ಅನ್ನಬಹುದು. ಮೊಬೈಲಿನಲ್ಲಿ ಹುಡುಕಿ, ಯಾರಿಗೂ ಇರಬಾರದು ಎಂದು ಆರಿಸಿದ ಹೆಸರು ಅದೇ ವರ್ಷ ಒಂದೇ ತರಗತಿಯಲ್ಲಿ ನಾಲ್ಕು ಮಕ್ಕಳಿಗೆ ಇರುತ್ತದೆ.

ಪುಣೆಯಿಂದ ಎರಡು ಮೂರು ತಾಸಿನ ದಾರಿ ಸಾತಾರ. ಅಲ್ಲಿ ಸಾಕವ್ವನ ಮರಾಠಿ ಅಕ್ಕತಂಗಿಯರು ಇದ್ದರು: ನಕೋಶಿ, ನಕೂಸಾ. ಬೇಡವಾದವಳು ಎಂದರ್ಥ. 2011ರ ಅಕ್ಟೋಬರಿನಲ್ಲಿ ಅಲ್ಲಿನ ಜಿಲ್ಲಾಡಳಿತ ಸಮಾರಂಭ ಮಾಡಿ 285 ಹುಡುಗಿಯರಿಗೆ ಅವರೇ ಆರಿಸಿಕೊಂಡ ಹೊಸ ಹೆಸರಿನ ಪ್ರಮಾಣಪತ್ರ ಕೊಟ್ಟಿತು. ಕೆಲವರು ದೇವಿಯ ಹೆಸರು ಆರಿಸಿದರು, ಕೆಲವರು ಐಶ್ವರ್ಯಾ ಎಂದು ಸಿನಿಮಾ ತಾರೆಯ ಹೆಸರು. ಆಗ ಪತ್ರಿಕೆಯಲ್ಲಿ ಓದಿದ ಸಹೋದ್ಯೋಗಿಯೊಬ್ಬರು, "ನೋಡಿ, ಹಳ್ಳಿ ಹುಡುಗಿಯರಿಗೂ ಐಶ್ವರ್ಯಾನೇ ಬೇಕು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅವ್ವ 1972ರಲ್ಲಿ ಯಾವ ಸಮಾರಂಭವೂ ಇಲ್ಲದೆ, ಮೂರು ಟಿಕೆಟ್ ಖರ್ಚಿನಲ್ಲಿ ಇದನ್ನೇ ಮಾಡಿದ್ದಳು.

ಟ್ರಂಕಿಗೆ ಕೊನೆಯ ಪತ್ರಿಕೆಯನ್ನು ಹಾಕಿದವಳು ನಾನು. ಹೋದ ವರ್ಷ ಸಾಕವ್ವ ಚಿಗವ್ವನ ಮೊಮ್ಮಗಳ ಮದುವೆಯದು. ಚಿಗವ್ವನ ಇಬ್ಬರು ಹೆಣ್ಣುಮಕ್ಕಳು ಕಲ್ಪನಾ ಮತ್ತು ಆರತಿ. ಹೆಸರಿಟ್ಟವಳು ತಾನೇ, ಯಾರ ಮಾತೂ ಕೇಳಿರಲಿಲ್ಲ. ಆದರೆ ತನ್ನ ಹೆಸರು ಮಾತ್ರ ರೇಷನ್ ಕಾರ್ಡಿನಲ್ಲಿ, ಆಧಾರಿನಲ್ಲಿ, ಪಿಂಚಣಿ ಪುಸ್ತಕದಲ್ಲಿ ಹಾಗೇ ಇದೆ. ಬದಲಿಸೋಣ, ಅಫಿಡವಿಟ್ ಮಾಡಿಸಿ ಗೆಜೆಟ್ಟಿಗೆ ಹಾಕೋಣ, ಅದೇ ನನ್ನ ಕೆಲಸ ಎಂದು ಎಷ್ಟೋ ಸಲ ಹೇಳಿದ್ದೆ. "ಪಿಂಚಣಿ ನಿಂತಗಿಂತೀತು, ಬಿಡವಾ" ಅನ್ನುತ್ತಿದ್ದಳು.

ಈ ಸಲ ಪತ್ರಿಕೆ ಬಂದಾಗ ಆಶೀರ್ವಾದದ ಸಾಲಿನಲ್ಲಿ ಹೆಸರು ಹುಡುಕಿದೆ. ಮೊದಲು ಕಾಣಲಿಲ್ಲ. ಆಮೇಲೆ ಚಿಗಪ್ಪನ ಹೆಸರಿನ ಪಕ್ಕದಲ್ಲಿ ಬಂಗಾರದ ಅಕ್ಷರದಲ್ಲಿ ಇತ್ತು: ಶ್ರೀಮತಿ ಶಕುಂತಲಾ. ಮಗ ಅಚ್ಚಿಗೆ ಕೊಡುವಾಗ ಅವಳೇ ಬರೆಸಿದಳಂತೆ. ಮದುವೆಯ ಮನೆಯಲ್ಲಿ ಬೀಗರ ಕಡೆಯವರೊಬ್ಬರು ಪತ್ರಿಕೆ ಹಿಡಿದುಕೊಂಡು "ಶಕುಂತಲಾ ಯಾರ್ರೀ?" ಎಂದು ಕೇಳುತ್ತ ಬಂದರು. ಎಂಬತ್ತರ ಹತ್ತಿರದ ಚಿಗವ್ವ ಸೆರಗು ಸರಿಮಾಡಿಕೊಂಡು, ಸ್ವಲ್ಪ ತಡೆದು, ಕೈ ಎತ್ತಿದಳು.